ಪುಣೆಯ ಸುತ್ತ ಸೈಕಲ್ ಪಯಣ: ದೂರವಲ್ಲ, ಏರು ನೋಡಿ

ಪುಣೆ ನಗರಕ್ಕೆ ಒಂದು ಕಾಲದಲ್ಲಿ ‘ಸೈಕಲ್ಲುಗಳ ನಗರ’ ಎಂಬ ಹೆಸರಿತ್ತೆಂಬುದನ್ನು ಇಲ್ಲಿ ದೀರ್ಘಕಾಲದಿಂದ ನೆಲೆಸಿರುವ ನಮ್ಮ ಹಿರಿಯರು ಬಲ್ಲರು. ಕಚೇರಿಯ ಕಾರಕೂನರು, ಶಾಲಾ ಅಧ್ಯಾಪಕರು, ಕಾರ್ಖಾನೆಯ ಕೆಲಸಗಾರರು, ಕಾಲೇಜು ವಿದ್ಯಾರ್ಥಿನಿಯರು ಎಲ್ಲರೂ ಸೈಕಲ್ ಏರಿಯೇ ಹೊರಡುತ್ತಿದ್ದರು. ಮುಂದೆ ಸ್ಕೂಟರು, ಮೋಟಾರ್ ಸೈಕಲ್ಲುಗಳ ಸಂಖ್ಯೆ ಹೆಚ್ಚಿದಂತೆ ಸೈಕಲ್ಲು ಬಡವರ ವಾಹನವೆನಿಸಿ ಮೂಲೆ ಸೇರಿತು. ಈಗ ಅದು ಮತ್ತೊಂದು ರೂಪದಲ್ಲಿ ಮರಳಿ ಬಂದಿದೆ. ಭಾನುವಾರ ಬೆಳಗಿನ ಜಾವ ಸಿಂಹಗಡ ರಸ್ತೆಯಲ್ಲಿ ನಿಂತು ನೋಡಿದರೆ ತಲೆಗೆ ಶಿರಸ್ತ್ರಾಣ ಧರಿಸಿದ ಸವಾರರ ಸಾಲು ಕಾಣಸಿಗುತ್ತದೆ. 2026ರ ಜನವರಿಯಲ್ಲಿ ‘ಪುಣೆ ಗ್ರ್ಯಾಂಡ್ ಟೂರ್’ ಎಂಬ ಅಂತರರಾಷ್ಟ್ರೀಯ ರಸ್ತೆ ಸೈಕಲ್ ಸ್ಪರ್ಧೆಯು ಈ ಜಿಲ್ಲೆಯಲ್ಲಿ ನಡೆದ ಬಳಿಕ ಆಸಕ್ತಿ ಇನ್ನಷ್ಟು ಹೆಚ್ಚಿದೆ.

ನಮ್ಮ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ಮಕ್ಕಳು ಗೇರ್ ಸೈಕಲ್ ಬೇಕೆಂದು ಹಟ ಹಿಡಿಯುತ್ತಾರೆ. ನಿವೃತ್ತಿಯ ಅಂಚಿನಲ್ಲಿರುವ ನಮ್ಮಂಥವರಿಗೆ ವೈದ್ಯರು ವ್ಯಾಯಾಮ ಮಾಡಿರೆಂದು ಹೇಳುತ್ತಾರೆ. ಸೈಕಲ್ಲೇನೋ ಮನೆಗೆ ಬರುತ್ತದೆ; ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಉಳಿಯುತ್ತದೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು “ಎಷ್ಟು ಕಿಲೋಮೀಟರು?” ಎಂದು. ಗುಡ್ಡಗಳಿಂದ ಸುತ್ತುವರಿದ ಈ ಊರಿನಲ್ಲಿ ಕೇಳಬೇಕಾದ ಪ್ರಶ್ನೆ ಅದಲ್ಲ. “ಎಷ್ಟು ಏರು?” ಎಂದು ಕೇಳಬೇಕು. ಈ ಒಂದು ವ್ಯತ್ಯಾಸವನ್ನು ಅರಿಯದೆ ಹೊರಟವರು ಅರ್ಧ ದಾರಿಯಲ್ಲಿ ಸೈಕಲ್ಲನ್ನು ಟೆಂಪೋದಲ್ಲಿ ಹೇರಿಕೊಂಡು ಮರಳುವುದುಂಟು. ವಯಸ್ಸಾದವರಿಗಂತೂ ಇದು ಹೃದಯದ ಆರೋಗ್ಯದ ಪ್ರಶ್ನೆಯೂ ಹೌದು. ಆದುದರಿಂದ ಏರಿನ ಲೆಕ್ಕವನ್ನು ಮೊದಲು ವಿವರಿಸಿ, ಅನಂತರ ದಾರಿಗಳನ್ನು ಸುಲಭದಿಂದ ಕಠಿಣದ ಕ್ರಮದಲ್ಲಿ ಇಲ್ಲಿ ಪರಿಚಯಿಸಲಾಗಿದೆ.

ಊರಿನ ನೆಲದ ಸ್ವರೂಪ

ಪುಣೆ ನಗರವು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸವು ಪದರಪದರವಾಗಿ ಹರಿದು ಗಟ್ಟಿಯಾದುದರಿಂದ ದಖ್ಖನ್ನಿನ ಈ ಕಪ್ಪು ಕಲ್ಲಿನ ಪ್ರಸ್ಥಭೂಮಿ ಉಂಟಾಯಿತು. ಇಲ್ಲಿಯ ಬೆಟ್ಟಗಳ ನೆತ್ತಿ ಚಪ್ಪಟೆಯಾಗಿಯೂ ಇಳಿಜಾರು ಮೆಟ್ಟಿಲುಮೆಟ್ಟಿಲಾಗಿಯೂ ಇರುವುದಕ್ಕೆ ಆ ಪದರಗಳೇ ಕಾರಣ. ಸೈಕಲ್ ಸವಾರನಿಗೆ ಈ ಮೆಟ್ಟಿಲುಗಳು ಕಾಲಿನಲ್ಲಿಯೇ ತಿಳಿಯುತ್ತವೆ. ಸ್ವಲ್ಪ ದೂರ ಕಡಿದಾದ ಏರು, ಬಳಿಕ ಉಸಿರು ತೆಗೆದುಕೊಳ್ಳಲು ಕೊಂಚ ಸಮತಟ್ಟು, ಮತ್ತೆ ಏರು.

ನಗರದ ನಕ್ಷೆಯನ್ನು ಮನಸ್ಸಿನಲ್ಲಿ ಹೀಗೆ ಚಿತ್ರಿಸಿಕೊಳ್ಳಬಹುದು. ನೈಋತ್ಯದಲ್ಲಿ ಸಿಂಹಗಡದಿಂದ ಹೊರಟ ಬೆಟ್ಟಸಾಲು ಊರಿನ ದಕ್ಷಿಣಕ್ಕೆ ಗೋಡೆಯಂತೆ ಪೂರ್ವಕ್ಕೆ ಹಬ್ಬಿದೆ. ಕಾತ್ರಜ್ ಘಾಟ್, ಬೋಪದೇವ ಘಾಟ್, ದಿವೆ ಘಾಟ್ ಇವು ಮೂರೂ ಆ ಒಂದೇ ಗೋಡೆಯನ್ನು ದಾಟುವ ಬಾಗಿಲುಗಳು. ಪಶ್ಚಿಮದಲ್ಲಿ ವೇತಾಳ ಟೇಕಡಿ, ಚತುಃಶೃಂಗಿ, ಪಾಷಾಣದ ಗುಡ್ಡಗಳು ನಗರದೊಳಗೇ ಚಾಚಿಕೊಂಡಿವೆ. ಮುಠಾ ನದಿಯು ನೈಋತ್ಯದಿಂದ ಬಂದು, ನಗರಮಧ್ಯದ ಸಂಗಮದಲ್ಲಿ ಮುಳಾ ನದಿಯನ್ನು ಕೂಡಿಕೊಂಡು, ಪೂರ್ವದ ಬಯಲಿಗೆ ಹರಿದುಹೋಗುತ್ತದೆ. ಇದರಿಂದ ಒಂದು ಸರಳ ಸೂತ್ರ ದೊರೆಯುತ್ತದೆ: ನದಿಯ ಜೊತೆಗೆ ಸಾಗುವ ದಾರಿ ಸುಲಭ, ಗೋಡೆಗೆ ಎದುರಾಗುವ ದಾರಿ ಕಠಿಣ.

ಗಾಳಿಯ ದಿಕ್ಕನ್ನೂ ಗಮನಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆಗ ಹೋಗುವಾಗ ಪಶ್ಚಿಮಾಭಿಮುಖವಾಗಿ ಹೋಗುವುದು ಜಾಣತನ. ದಣಿದು ಮರಳುವಾಗ ಗಾಳಿಯೇ ಬೆನ್ನನ್ನು ನೂಕುತ್ತದೆ.

ಏರಿನ ಲೆಕ್ಕ

ಬ್ಯಾಂಕಿನವನಾದ ನನಗೆ ಲೆಕ್ಕವಿಲ್ಲದೆ ಮಾತು ಮುಂದುವರಿಯದು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಈ ಭಾರವನ್ನು 100 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 78 ಕಿಲೋಜೂಲ್. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂದು ಕಿಲೋಮೀಟರ್ ಸಾಗಲು ಗಾಳಿಯ ತಡೆ ಮತ್ತು ಚಕ್ರದ ಘರ್ಷಣೆ ಸೇರಿ ಸುಮಾರು 16 ಕಿಲೋಜೂಲ್ ಸಾಕು. ಅಂದರೆ 100 ಮೀಟರ್ ಏರು ಹತ್ತಿದರೆ ಸಮತಟ್ಟಿನಲ್ಲಿ ಸುಮಾರು 5 ಕಿಲೋಮೀಟರ್ ಹೋದಷ್ಟು ಶ್ರಮ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಯಾವ ದಾರಿಯನ್ನಾದರೂ ಮುಂಚಿತವಾಗಿ ತೂಗಿ ನೋಡಬಹುದು.

ಸ್ವಾರಗೇಟಿನಿಂದ ಸಿಂಹಗಡದ ನೆತ್ತಿಗೆ ಹೋಗಿಬರುವ ದೂರ ಸುಮಾರು 66 ಕಿಲೋಮೀಟರ್. ಆದರೆ ನಡುವೆ ಸುಮಾರು 700 ಮೀಟರ್ ಏರಬೇಕು. ನಮ್ಮ ಸೂತ್ರದಂತೆ ಅದಕ್ಕೆ ಇನ್ನೂ 35 ಕಿಲೋಮೀಟರ್ ಸೇರಿಸಬೇಕು. ಮರಳುವಾಗ ಘಾಟಿನ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಬರುವ ರಿಯಾಯಿತಿಯನ್ನು ಕಳೆದರೂ ಒಟ್ಟು 90ರ ಆಸುಪಾಸಿಗೆ ಬರುತ್ತದೆ. 66 ಎಂದು ನಂಬಿ ಹೊರಟವರು ಸೋಲುವುದು ಈ ವ್ಯತ್ಯಾಸದಲ್ಲಿಯೇ.

ಇನ್ನು ಗೇರಿನ ವಿಚಾರ. ನೂರು ಮೀಟರ್ ದೂರಕ್ಕೆ ಆರು ಮೀಟರ್ ಏರುವ ರಸ್ತೆಯಲ್ಲಿ ಸಾಮಾನ್ಯ ಸವಾರನ ವೇಗ ಗಂಟೆಗೆ ಸುಮಾರು 8 ಕಿಲೋಮೀಟರಿಗೆ ಇಳಿಯುತ್ತದೆ. ಹಳೆಯ ಕಾಲದ ಗೇರಿಲ್ಲದ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಗಾಡಿ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಈ ನಿಧಾನ ವೇಗದಲ್ಲಿ ನಿಮಿಷಕ್ಕೆ 25 ಸುತ್ತು ಮಾತ್ರ ತುಳಿಯಬೇಕಾಗಿ ಬಂದು, ಪ್ರತಿ ಸುತ್ತಿಗೂ ಮೊಣಕಾಲಿನ ಮೇಲೆ ವಿಪರೀತ ಭಾರ ಬೀಳುತ್ತದೆ. ಅದಕ್ಕೇ ನಮ್ಮ ತಂದೆಯವರ ಕಾಲದವರು ಏರು ಬಂದೊಡನೆ ಇಳಿದು ಸೈಕಲ್ ತಳ್ಳುತ್ತಿದ್ದರು. ಗೇರ್ ಸೈಕಲ್ಲಿನಲ್ಲಿ ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಸಮನಾಗಿದ್ದರೆ ಒಂದು ಸುತ್ತಿಗೆ ಕೇವಲ ಎರಡು ಮೀಟರ್ ಚಿಲ್ಲರೆ ಸಾಗಿದರೆ ಸಾಕು. ನಿಮಿಷಕ್ಕೆ 60 ಸುತ್ತು ಹಗುರವಾಗಿ ತುಳಿಯುತ್ತ ಅದೇ ಏರನ್ನು ಹತ್ತಬಹುದು. ಗೇರು ಶ್ರಮವನ್ನು ಕಡಿಮೆ ಮಾಡುವುದಿಲ್ಲ, ಸಣ್ಣ ಸಣ್ಣ ಕಂತುಗಳಾಗಿ ಹಂಚುತ್ತದೆ. ದೊಡ್ಡ ಸಾಲವನ್ನು ಮಾಸಿಕ ಕಂತಿನಲ್ಲಿ ತೀರಿಸಿದಂತೆ.

ಏರುವಾಗ ಮಿತಿಯನ್ನು ತಿಳಿಯುವ ಉಪಾಯವೂ ಸರಳ. ಜೊತೆಯವರೊಡನೆ ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಒಂದೊಂದು ಶಬ್ದಕ್ಕೂ ಉಸಿರು ಕಟ್ಟುತ್ತಿದ್ದರೆ ಕೂಡಲೇ ನಿಧಾನಿಸಬೇಕು. ಎದೆಯಲ್ಲಿ ಬಿಗಿತ, ತಲೆಸುತ್ತು, ಎಡತೋಳಿನ ನೋವು ಕಂಡರೆ ನಿಂತುಬಿಡಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಲವತ್ತು ದಾಟಿದವರು, ಅದರಲ್ಲೂ ರಕ್ತದೊತ್ತಡ, ಮಧುಮೇಹ ಇರುವವರು, ಘಾಟುಗಳಿಗೆ ಹೋಗುವ ಮುನ್ನ ವೈದ್ಯರನ್ನು ಕಾಣುವುದು ಲೇಸು.

ಮೊದಲ ದಾರಿ: ನದಿಯ ಜೊತೆಗೆ, ಉದ್ಯಾನಗಳ ನಡುವೆ

ಆರಂಭಿಸುವವರಿಗೆ ನಗರದೊಳಗಿನ ಸಮತಟ್ಟಾದ ಸುತ್ತು ಯೋಗ್ಯ. ಶನಿವಾರವಾಡೆಯಿಂದ ಹೊರಟು ಶಿವಾಜಿನಗರದ ಮಾರ್ಗವಾಗಿ ಸಂಗಮದ ಕಡೆಗೆ ಸಾಗಿದರೆ 1854ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಲ್ಲಿಯೇ ಓದಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಅಲ್ಲಿಂದ ನದಿಯ ಹರಿವಿನ ದಿಕ್ಕಿನಲ್ಲಿ ಬಂಡ್ ಗಾರ್ಡನ್, ಮುಂದೆ ನದಿ ದಾಟಿ ಆಗಾ ಖಾನ್ ಅರಮನೆ. 1892ರಲ್ಲಿ ಕಟ್ಟಿದ ಈ ಅರಮನೆಯಲ್ಲಿ 1942ರ ಆಗಸ್ಟ್‌ನಿಂದ 1944ರ ಮೇ ತಿಂಗಳವರೆಗೆ ಗಾಂಧೀಜಿಯವರು ಬಂಧನದಲ್ಲಿದ್ದರು. ಮಹಾದೇವ ದೇಸಾಯಿ ಮತ್ತು ಕಸ್ತೂರಬಾ ಇಬ್ಬರೂ ಇಲ್ಲಿಯೇ ನಿಧನರಾದರು. ಅವರ ಸಮಾಧಿಗಳು ಆವರಣದಲ್ಲಿವೆ. ಮರಳುವಾಗ ದಂಡುಪ್ರದೇಶದ ಎಂಪ್ರೆಸ್ ಗಾರ್ಡನ್ನಿನ ಹಳೆಯ ಮರಗಳನ್ನು ನೋಡಿಕೊಂಡು ಸಾರಸಬಾಗಿಗೆ ಬರಬಹುದು. ಪೇಶ್ವೆಗಳ ಕಾಲದಲ್ಲಿ ಕೆರೆಯಾಗಿದ್ದ ಈ ಸ್ಥಳದ ನಡುವಿನ ಗಣಪತಿಯನ್ನು ಇಂದಿಗೂ ‘ತಳ್ಯಾತಲಾ ಗಣಪತಿ’, ಅಂದರೆ ಕೆರೆಯೊಳಗಿನ ಗಣಪ, ಎಂದೇ ಕರೆಯುತ್ತಾರೆ. ಪಕ್ಕದಲ್ಲಿಯೇ ಪರ್ವತಿ ಗುಡ್ಡ. ಸೈಕಲ್ಲನ್ನು ಬುಡದಲ್ಲಿ ಬಿಟ್ಟು ನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಏರಿದರೆ ಊರಿಡೀ ಕಾಣುತ್ತದೆ. ಮುಂದಿನ ದಾರಿಗಳನ್ನು ಇಲ್ಲಿಂದ ಕಣ್ಣಿನಲ್ಲಿಯೇ ಗುರುತು ಮಾಡಿಕೊಳ್ಳಬಹುದು.

ಎರಡನೆಯ ದಾರಿ: ಪಶ್ಚಿಮದ ಅಲೆಯೇರು

ಲಾ ಕಾಲೇಜ್ ರಸ್ತೆಯು ವೇತಾಳ ಟೇಕಡಿಯ ಮಗ್ಗುಲಿನಲ್ಲಿ ಹಾಯುತ್ತದೆ. 1917ರಲ್ಲಿ ಸ್ಥಾಪನೆಯಾಗಿ, ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಹೊರತಂದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಸ್ಥೆಯೂ, ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿರುವ ಚಲನಚಿತ್ರ ಸಂಸ್ಥೆಯೂ ಈ ಆಸುಪಾಸಿನಲ್ಲಿವೆ. ಗಿರೀಶ ಕಾರ್ನಾಡರು 1974-75ರಲ್ಲಿ ಆ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ಅಲ್ಲಿಯ ವಿದ್ಯಾರ್ಥಿ. ಮುಂದೆ ಗಣೇಶಖಿಂಡ ರಸ್ತೆ, ಒಂದು ಕಾಲದಲ್ಲಿ ಮುಂಬಯಿ ಗವರ್ನರರ ನಿವಾಸವಾಗಿದ್ದ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ, ಅದರಾಚೆ ಪಾಷಾಣ ಕೆರೆ. ಚಳಿಗಾಲದ ಬೆಳಗಿನಲ್ಲಿ ಈ ಕೆರೆ ಪಕ್ಷಿವೀಕ್ಷಕರ ಬೀಡು. ಇಲ್ಲಿ ದೀರ್ಘವಾದ ಏರಿಲ್ಲ. ಸಣ್ಣ ಸಣ್ಣ ದಿಣ್ಣೆಗಳು ಬಂದುಹೋಗುತ್ತವೆ. ಗೇರು ಬದಲಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಏರು ಆರಂಭವಾದ ಮೇಲೆ ಗೇರು ಇಳಿಸಿದರೆ ಸರಪಳಿ ಕಿರುಗುಟ್ಟುತ್ತದೆ; ಏರು ಕಣ್ಣಿಗೆ ಬಿದ್ದಾಗಲೇ ಇಳಿಸಬೇಕೆಂಬುದನ್ನು ಇಲ್ಲಿ ಕಲಿಯಬಹುದು.

ಮೂರನೆಯ ದಾರಿ: ಖಡಕವಾಸಲಾ

ಸ್ವಾರಗೇಟಿನಿಂದ ಸಿಂಹಗಡ ರಸ್ತೆ ಹಿಡಿದು ಸುಮಾರು 16 ಕಿಲೋಮೀಟರ್ ಸಾಗಿದರೆ ಖಡಕವಾಸಲಾ ಜಲಾಶಯ. ಹೋಗುವ ದಾರಿಯಲ್ಲಿ ಪು.ಲ. ದೇಶಪಾಂಡೆ ಉದ್ಯಾನವಿದೆ. ಜಪಾನಿನ ಓಕಾಯಾಮಾ ನಗರದೊಡನೆ ಪುಣೆಯ ಸ್ನೇಹದ ಕುರುಹಾಗಿ ಜಪಾನೀ ಶೈಲಿಯಲ್ಲಿ ರೂಪಿಸಿದ ತೋಟವದು. ಮುಠಾ ನದಿಯ ಕಣಿವೆಯಲ್ಲಿಯೇ ಸಾಗುವುದರಿಂದ ಏರು ಅತ್ಯಲ್ಪ. ಆದುದರಿಂದ ಕುಟುಂಬಸಮೇತ ಹೋಗಲು ತಕ್ಕ ದಾರಿ. ನಗರದ ವಾಹನದಟ್ಟಣೆಯೊಂದೇ ತೊಡಕು. ಬೆಳಗಿನ ಆರಕ್ಕೆ ಹೊರಟರೆ ಅದನ್ನೂ ತಪ್ಪಿಸಬಹುದು.

ಕನ್ನಡಿಗರಿಗೆ ಈ ಜಲಾಶಯದ ಕಟ್ಟೆ ಬರಿಯ ವಿಹಾರಸ್ಥಳವಲ್ಲ. ಹತ್ತೊಂಬತ್ತನೆಯ ಶತಮಾನದ ಅಣೆಕಟ್ಟಿನಲ್ಲಿ ನೀರು ಸಾಲದಾದಾಗ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ವಿಶ್ವೇಶ್ವರಯ್ಯನವರು ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಉಪಾಯ ಕಂಡುಹಿಡಿದರು. ನೀರು ಒಂದು ಮಟ್ಟವನ್ನು ಮೀರಿದೊಡನೆ ತಾವಾಗಿಯೇ ತೆರೆದುಕೊಂಡು, ಪ್ರವಾಹ ಇಳಿದ ಬಳಿಕ ತಾವಾಗಿಯೇ ಮುಚ್ಚಿಕೊಳ್ಳುವ ಸ್ವಯಂಚಾಲಿತ ಬಾಗಿಲುಗಳವು. 1903ರಲ್ಲಿ ಅವುಗಳನ್ನು ಮೊದಲಿಗೆ ಅಳವಡಿಸಿದ್ದು ಇಲ್ಲಿಯೇ. 1961ರ ಜುಲೈ 12ರಂದು ಮೇಲಿನ ಪಾನಶೇತ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕವಾಸಲಾ ಕಟ್ಟೆಯೂ ಒಡೆದು, ನದೀತೀರದ ಪೇಟೆಗಳು ಮುಳುಗಿದವು. ಅನಂತರ ಕಟ್ಟೆಯನ್ನು ಪುನಃ ನಿರ್ಮಿಸಲಾಯಿತು. ಜಲಾಶಯದ ಬಳಿಯೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ವಿಶಾಲ ಆವರಣವಿದೆ. ಅದರೊಳಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ.

ನಾಲ್ಕನೆಯ ದಾರಿ: ಸಿಂಹಗಡ

ಖಡಕವಾಸಲಾದಿಂದ ಮುಂದೆ ಕೆಲವು ಕಿಲೋಮೀಟರ್ ಸಾಗಿದರೆ ಸಿಂಹಗಡದ ಬುಡ. ಅಲ್ಲಿಂದ ನೆತ್ತಿಯ ವಾಹನ ನಿಲ್ದಾಣದವರೆಗೆ 8ರಿಂದ 9 ಕಿಲೋಮೀಟರ್ ರಸ್ತೆ. ಅಷ್ಟರಲ್ಲಿ ಸುಮಾರು 550 ಮೀಟರ್ ಏರಬೇಕು. ಅಭ್ಯಾಸವಿರುವ ಸಾಮಾನ್ಯ ಸವಾರನಿಗೆ ಒಂದು ಗಂಟೆಗೂ ಮಿಕ್ಕಿ ಬೇಕು. ಕೆಲವು ತಿರುವುಗಳು ಬಹಳ ಕಡಿದು. ಅಂಥಲ್ಲಿ ಒಳಮೂಲೆಯನ್ನು ಬಿಟ್ಟು ತುಸು ಹೊರಗಿನಿಂದ ಸುತ್ತಿದರೆ ಏರು ಸೌಮ್ಯವಾಗುತ್ತದೆ. ಎದುರಿನಿಂದ ವಾಹನ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡೇ ಹಾಗೆ ಮಾಡಬೇಕು.

ಕೊಂಡಾಣಾ ಎಂಬ ಹೆಸರಿದ್ದ ಈ ದುರ್ಗವನ್ನು 1670ರಲ್ಲಿ ಗೆದ್ದುಕೊಡುವಾಗ ತಾನಾಜಿ ಮಾಲುಸರೆ ಪ್ರಾಣ ತೆತ್ತನು. ಲೋಕಮಾನ್ಯ ತಿಲಕರು ವಿಶ್ರಾಂತಿಗೆಂದು ಬರುತ್ತಿದ್ದ ಬಂಗಲೆಯೂ ಮೇಲಿದೆ. ಏರಿ ಬಂದವರಿಗೆ ಹಳ್ಳಿಯ ಹೆಂಗಸರು ಬಡಿಸುವ ಪಿಠಲ, ಭಾಕರಿ, ಪುಟ್ಟ ಮಡಕೆಯಲ್ಲಿಟ್ಟ ಗಟ್ಟಿ ಮೊಸರು ಪರಮಾನ್ನಕ್ಕೆ ಸಮ. ಉತ್ತರ ಕರ್ನಾಟಕದಿಂದ ಬಂದವರಿಗೆ ಅದು ಜೋಳದ ರೊಟ್ಟಿ, ಜುಣಕದ ಒಡಹುಟ್ಟು ಎನಿಸದಿರದು. ಘಾಟಿನ ಏರೊಂದಕ್ಕೇ ದೇಹವು ಸುಮಾರು 400 ಕಿಲೋಕ್ಯಾಲರಿ ವ್ಯಯಿಸಿರುತ್ತದೆಯಾದ್ದರಿಂದ ಸಂಕೋಚವಿಲ್ಲದೆ ಉಣ್ಣಬಹುದು. ಭಾರೀ ಮಳೆಯ ದಿನಗಳಲ್ಲಿ ಕಲ್ಲುಬಂಡೆಗಳು ಜಾರುವ ಅಪಾಯವಿದೆ. ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಕಾರುಗಳ ಸಾಲು ಮೈಲುದ್ದ ಬೆಳೆಯುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ವಾರದ ನಡುವಿನ ದಿನಗಳೇ ಉತ್ತಮ.

ಐದನೆಯ ದಾರಿ: ಗೋಡೆಯ ಮೂರು ಬಾಗಿಲುಗಳು

ಸಿಂಹಗಡವನ್ನು ಸುಖವಾಗಿ ಏರಿದವರು ದಕ್ಷಿಣದ ಘಾಟುಗಳಿಗೆ ಸಿದ್ಧರಾದಂತೆ. ಕಾತ್ರಜ್ ಕಡೆಯ ಕೆರೆಯಿಂದ ಪೇಶ್ವೆಗಳು ಹದಿನೆಂಟನೆಯ ಶತಮಾನದಲ್ಲಿ ನೆಲದಡಿಯ ಕಾಲುವೆಯ ಮೂಲಕ ಶನಿವಾರವಾಡೆಗೆ ನೀರು ತಂದಿದ್ದರು. ಈಗ ಆ ಕೆರೆ ರಾಜೀವ ಗಾಂಧಿ ಪ್ರಾಣಿಸಂಗ್ರಹಾಲಯದ ಆವರಣದಲ್ಲಿದೆ. ಅಲ್ಲಿಂದ ಹಳೆಯ ಘಾಟ್ ರಸ್ತೆಯನ್ನು ಹಿಡಿದು ಏರಿದರೆ ಹಳೆಯ ಸುರಂಗ. ಮುಂದೆ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ. ನಮ್ಮಲ್ಲಿ ಅನೇಕರ ಕುಟುಂಬಗಳು ಈ ನಗರಕ್ಕೆ ಬಂದು ಸೇರಿದ ದಾರಿಯೇ ಇದು. ಸುರಂಗ ಕತ್ತಲೆಯಾದುದರಿಂದ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇಲ್ಲದೆ ಒಳಹೋಗಬಾರದು.

ಬೋಪದೇವ ಘಾಟ್ ಮತ್ತು ದಿವೆ ಘಾಟ್ ಎರಡೂ ಸಾಸವಡಕ್ಕೆ ಒಯ್ಯುತ್ತವೆ. ಒಂದರಲ್ಲಿ ಏರಿ, ಸಾಸವಡದಲ್ಲಿ ಸೋಪಾನದೇವರ ಸಮಾಧಿಯ ದರ್ಶನ ಮಾಡಿ, ಇನ್ನೊಂದರಲ್ಲಿ ಇಳಿದರೆ ಒಂದು ಪೂರ್ಣ ಸುತ್ತಾಗುತ್ತದೆ. ಬೋಪದೇವದ ರಸ್ತೆ ಕಡಿದು. ದಿವೆ ಘಾಟಿನಿಂದ ಕೆಳಗೆ ಮಸ್ತಾನಿ ಕೆರೆ ಕಾಣುತ್ತದೆ. ಸಂತ ಜ್ಞಾನೇಶ್ವರರ ಪಾಲಖಿಯು ಪ್ರತಿವರ್ಷ ಪಂಢರಪುರದ ಆಷಾಢ ಏಕಾದಶಿಗೆ ಹೊರಟಾಗ ಲಕ್ಷಾಂತರ ವಾರಕರಿಗಳು ಇದೇ ಘಾಟನ್ನು ಕಾಲ್ನಡಿಗೆಯಲ್ಲಿ ಏರುತ್ತಾರೆ. ಆ ದಿನ ಸೈಕಲ್ಲನ್ನು ಮನೆಯಲ್ಲಿಟ್ಟು ವಾರಕರಿಗಳೊಡನೆ ನಡೆಯುವುದೇ ಉಚಿತ.

ಇಳಿಜಾರಿನ ಎಚ್ಚರ

ಏರು ಉಸಿರನ್ನು ಪರೀಕ್ಷಿಸಿದರೆ ಇಳಿಜಾರು ವಿವೇಕವನ್ನು ಪರೀಕ್ಷಿಸುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರಿನಲ್ಲಿ ಸುಲಭವಾಗಿ ನಿಲ್ಲುವ ಸೈಕಲ್ಲು 40ರಲ್ಲಿ ತಿರುವನ್ನು ದಾಟಿಯೇ ಹೋಗಬಹುದು. ಆದುದರಿಂದ ತಿರುವಿಗೆ ಮುನ್ನವೇ ವೇಗ ತಗ್ಗಿಸಬೇಕು. ತಿರುವಿನೊಳಗೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಉದ್ದಕ್ಕೂ ಒತ್ತಿಕೊಂಡೇ ಇಳಿದರೆ ಬ್ರೇಕು ಕಾಯುತ್ತದೆ. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು ಸರಿಯಾದ ಕ್ರಮ. ಎರಡೂ ಬ್ರೇಕುಗಳನ್ನು ಒಟ್ಟಿಗೆ ಬಳಸಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯ ಕಡೆಗೆ ಇಳಿಯುವ ಬೈಪಾಸ್ ಹೆದ್ದಾರಿಯಲ್ಲಿ ಯಾವ ಕಾರಣಕ್ಕೂ ಸೈಕಲ್ ತೆಗೆದುಕೊಂಡು ಹೋಗಬಾರದು. ಆ ದೀರ್ಘ ಇಳಿಜಾರಿನಲ್ಲಿ ಭಾರದ ಲಾರಿಗಳು ಹಿಡಿತ ತಪ್ಪಿ ಅನೇಕ ಪ್ರಾಣಗಳು ಹೋಗಿವೆ. ಶಿರಸ್ತ್ರಾಣ, ದೀಪಗಳು, ಹೊಳೆಯುವ ಪಟ್ಟಿಯ ಉಡುಪು, ನೀರು, ಒಂದು ಹೆಚ್ಚುವರಿ ಟ್ಯೂಬು, ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿ ಇವಿಷ್ಟು ಸದಾ ಜೊತೆಗಿರಲಿ. ಘಾಟುಗಳಿಗೆ ಒಬ್ಬರೇ ಹೋಗುವುದು ಬೇಡ.

2017ರಲ್ಲಿ ಪುಣೆ ಮಹಾನಗರ ಪಾಲಿಕೆಯು ನಗರಕ್ಕೆ ಸಮಗ್ರ ಸೈಕಲ್ ಯೋಜನೆಯೊಂದನ್ನು ಅಂಗೀಕರಿಸಿತು. ಆದರೆ ಸೈಕಲ್ಲಿಗೆಂದು ಮೀಸಲಾದ ಪಟ್ಟಿಗಳಲ್ಲಿ ಎಷ್ಟೋ ಕಡೆ ಸ್ಕೂಟರುಗಳು ನಿಂತಿರುವುದನ್ನು ನಾವು ದಿನವೂ ಕಾಣುತ್ತೇವೆ. ನಿಂತ ಆ ಗಾಡಿಗಳಲ್ಲಿ ನಮ್ಮದೂ ಒಂದಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳ ಸುರಕ್ಷತೆ ಅಲ್ಲಿಂದಲೇ ಆರಂಭವಾಗುತ್ತದೆ.

ಮೊದಲ ತಿಂಗಳು ನದಿಯ ದಾರಿ, ಎರಡನೆಯ ತಿಂಗಳು ಪಾಷಾಣ ಮತ್ತು ಖಡಕವಾಸಲಾ, ಅಭ್ಯಾಸ ಬಲಿತ ಮೇಲೆ ಸಿಂಹಗಡ, ಕೊನೆಗೆ ಘಾಟುಗಳು. ಈ ಕ್ರಮವನ್ನು ಪಾಲಿಸಿದರೆ ಐವತ್ತು ದಾಟಿದವರೂ ಒಂದು ವರ್ಷದೊಳಗೆ ಈ ಊರಿನ ಸುತ್ತಣ ಗೋಡೆಯನ್ನು ನಿರಾತಂಕವಾಗಿ ದಾಟಬಹುದು. ನಮ್ಮಲ್ಲಿ ಅನೇಕರು ಮನೆ ಮತ್ತು ಕಚೇರಿಯ ನಡುವಿನ ಒಂದೇ ರಸ್ತೆಯನ್ನು ಮೂವತ್ತು ವರ್ಷ ಬಲ್ಲವರು. ನಮ್ಮ ಮಕ್ಕಳಿಗೆ ಇದು ಹುಟ್ಟೂರು. ಖಡಕವಾಸಲಾದ ಬಾಗಿಲುಗಳಿಂದ ಹೊರಬಿದ್ದ ನೀರು ಮುಠಾ, ಮುಳಾ-ಮುಠಾ ಎಂಬ ಹೆಸರುಗಳನ್ನು ದಾಟಿ, ಭೀಮೆಯನ್ನು ಸೇರಿ, ಪಂಢರಪುರದ ಮೂಲಕ ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳ ಬದಿಗೆ ಹರಿಯುತ್ತದೆ. ಕಟ್ಟೆಯ ಬಳಿ ಸೈಕಲ್ ನಿಲ್ಲಿಸಿ ನೀರು ಕುಡಿಯುವಾಗ ಇದನ್ನು ಮಕ್ಕಳಿಗೆ ಹೇಳಿರಿ. ಮುಂದಿನ ಭಾನುವಾರ ಬೆಳಗಿನ ಆರಕ್ಕೆ ಹೊರಡಲು ಅಷ್ಟು ಕಾರಣ ಸಾಕು.